ಓದುಗರ ಪ್ರಶ್ನೆ, ನಮ್ಮ ಉತ್ತರ: ಬೈಬಲಿನಲ್ಲಿ 66 ಗ್ರಂಥಗಳೋ, 73 ಗ್ರಂಥಗಳೋ?

ಪ್ರಶ್ನೆ: ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ, ಈಗ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟೆಂಟ್ ಸಭೆಗೆ ಸೇರಿದ ಮನೆತನ. ತಮ್ಮನಿಗೆ ಕುಲಶೇಖರದ ಕಥೋಲಿಕ ಕುಟುಂಬದಿಂದ ಹೆಣ್ಣು ತಂದಿದ್ದೇವೆ. ಇಗರ್ಜಿಯಲ್ಲಿ ನಡೆದ ಮದುವೆಯಲ್ಲಿ ಮೊದಲನೆಯ ವಾಚನವನ್ನು ತೊಬೀತನ ಗ್ರಂಥದಿಂದ ಓದಿದರು. ಊಟದ ಹೊತ್ತಿಗೆ ನಮ್ಮ ದೊಡ್ಡಪ್ಪ, “ಅದು ನಮ್ಮ ಸತ್ಯವೇದದಲ್ಲಿ ಇಲ್ಲ, ಟ್ರೆಂಟ್ ಮಹಾಸಭೆಯಲ್ಲಿ ರೋಮಿನವರು ಸೇರಿಸಿದ್ದು” ಎಂದರು. ಹೆಣ್ಣಿನ ಸೋದರಮಾವ, “ನಾವು ಸೇರಿಸಿದ್ದಲ್ಲ, ಲೂಥರ್ ಕಿತ್ತುಹಾಕಿದ್ದು” ಎಂದರು. ಇಬ್ಬರೂ ಓದಿಕೊಂಡವರೇ. ಯಾರ ಮಾತು ಸರಿ?
(ಓದುಗರೊಬ್ಬರು, ಬಲ್ಮಠ, ಮಂಗಳೂರು)

ಉತ್ತರ: ಇಬ್ಬರ ಮಾತೂ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. (ಟ್ರೆಂಟ್ 16ನೆಯ ಶತಮಾನದಲ್ಲಿ ಸೇರಿದ ಕಥೋಲಿಕ ಬಿಷಪರ ಮಹಾಸಭೆ, ಲೂಥರ್ ಅದೇ ಶತಮಾನದ ಜರ್ಮನ್ ಪ್ರೊಟೆಸ್ಟೆಂಟ್ ಸುಧಾರಕ.) ಆದರೆ ಎರಡೂ ಶುದ್ಧ ಸುಳ್ಳಲ್ಲ. ಒಂದೊಂದರ ಹಿಂದೆಯೂ ಒಂದು ನಿಜವಾದ ಘಟನೆ ಇದೆ, ಅದು ಕಾಲಕ್ರಮೇಣ ಘೋಷಣೆಯಾಗಿ ಮಾರ್ಪಟ್ಟಿದೆ.

ಮೊದಲು ಭಿನ್ನಾಭಿಪ್ರಾಯ ಎಷ್ಟು ದೊಡ್ಡದು ಎಂಬುದನ್ನು ನೋಡೋಣ. ಹೊಸ ಒಡಂಬಡಿಕೆಯ 27 ಗ್ರಂಥಗಳ ವಿಷಯದಲ್ಲಿ ಕಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ಯಾವ ವ್ಯತ್ಯಾಸವೂ ಇಲ್ಲ. ಹಳೆಯ ಒಡಂಬಡಿಕೆಯಲ್ಲಿ ಪ್ರೊಟೆಸ್ಟೆಂಟರದು 39, ಕಥೋಲಿಕರದು 46. ಹೆಚ್ಚಿಗೆ ಇರುವವು ತೊಬೀತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ ಮತ್ತು ಮಕ್ಕಬಿಯರ ಎರಡು ಗ್ರಂಥಗಳು, ಜೊತೆಗೆ ಎಸ್ತೇರಳ ಮತ್ತು ದಾನಿಯೇಲನ ಗ್ರಂಥಗಳಲ್ಲಿ ಕೆಲವು ಭಾಗಗಳು. ಪ್ರೊಟೆಸ್ಟೆಂಟರು ಇವನ್ನು ಅಪೊಕ್ರಿಫ ಎನ್ನುತ್ತಾರೆ. ಕಥೋಲಿಕ ವಿದ್ವಾಂಸರು ಇವನ್ನು ತಡವಾಗಿ ಅಂಗೀಕಾರ ಪಡೆದ, ಆದರೆ ಅಧಿಕಾರದಲ್ಲಿ ಉಳಿದವುಗಳಿಗೆ ಸಮನಾದ ಗ್ರಂಥಗಳೆಂದು ಪರಿಗಣಿಸುತ್ತಾರೆ.

ಜಗಳದ ಬೇರು ಯೇಸುವಿನ ಕಾಲಕ್ಕಿಂತ ಹಿಂದಿನದು. ಕ್ರಿಸ್ತಪೂರ್ವ 3ನೆಯ ಶತಮಾನದಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯದ ಯೆಹೂದ್ಯರು ತಮ್ಮ ಧರ್ಮಗ್ರಂಥಗಳನ್ನು ಗ್ರೀಕ್ ಭಾಷೆಗೆ ತರಲಾರಂಭಿಸಿದರು, ಮತ್ತು ಸೆಪ್ಟುವಜಿಂಟ್ ಎಂದು ಹೆಸರಾದ ಈ ಗ್ರೀಕ್ ಸಂಗ್ರಹದಲ್ಲಿ ಹೀಬ್ರೂ ಸಂಗ್ರಹದೊಳಗೆ ಕೊನೆಗೂ ಸ್ಥಾನ ಪಡೆಯದ ಹಲವು ಬರಹಗಳು ಸೇರಿಕೊಂಡವು. ಆದಿ ಕ್ರೈಸ್ತರಲ್ಲಿ ಬಹುಪಾಲು ಜನ ಗ್ರೀಕ್ ಬಲ್ಲವರು. ಅವರ ಕೈಗೆ ಬಂದದ್ದು ಈ ಗ್ರೀಕ್ ಬೈಬಲ್. ಹಾಗೆಂದು ಅಲೆಕ್ಸಾಂಡ್ರಿಯದಲ್ಲಿ 46 ಗ್ರಂಥಗಳ ಒಂದು ಸಿದ್ಧಪಟ್ಟಿ ಇತ್ತೆಂದು ಭಾವಿಸಬಾರದು. ನಮಗೆ ಉಳಿದಿರುವ 4ನೆಯ ಶತಮಾನದ ಎರಡು ಮಹಾ ಹಸ್ತಪ್ರತಿಗಳನ್ನೇ ನೋಡಿ: ವ್ಯಾಟಿಕನಸ್ ಪ್ರತಿಯಲ್ಲಿ ಮಕ್ಕಬಿಯರ ಗ್ರಂಥ ಒಂದೂ ಇಲ್ಲ, ಸಿನಾಯಿಟಿಕಸ್ ಪ್ರತಿಯಲ್ಲಿ ಮಕ್ಕಬಿಯರ 1 ಮತ್ತು 4ನೆಯ ಗ್ರಂಥಗಳಿವೆ, ಹೊಸ ಒಡಂಬಡಿಕೆಯ ಕೊನೆಯಲ್ಲಿ ಇಂದು ಯಾವ ಸಭೆಯೂ ಬೈಬಲಿನೊಳಗೆ ಓದದ ಬಾರ್ನಬನ ಪತ್ರ ಮತ್ತು ಹರ್ಮನ ಬರಹ ಸಹ ಇವೆ.

ಇತ್ತ ಯೆಹೂದ್ಯರ ಕಡೆಯ ಗಡಿಯೂ ಒಂದೇ ದಿನದಲ್ಲಿ ಬಿದ್ದದ್ದಲ್ಲ. ಸುಮಾರು ಕ್ರಿ.ಶ. 90ರ ಹೊತ್ತಿಗೆ ಯಾಮ್ನಿಯ ಎಂಬ ಊರಿನಲ್ಲಿ ರಬ್ಬಿಗಳು ಸಭೆ ಸೇರಿ ಪಟ್ಟಿಯನ್ನು ಮುಚ್ಚಿದರು ಎಂದು ಹಳೆಯ ಪಠ್ಯಪುಸ್ತಕಗಳು ಬರೆಯುತ್ತಿದ್ದವು, ಈಗಲೂ ಕೆಲವು ಉಪದೇಶಗಳಲ್ಲಿ ಇದು ಕೇಳಿಬರುತ್ತದೆ. 1871ರಲ್ಲಿ ಇತಿಹಾಸಕಾರ ಗ್ರೇಟ್ಸ್ ಮುಂದಿಟ್ಟ ಈ ಊಹೆಯನ್ನು ವಿದ್ವಾಂಸರು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಆದರೆ ಅದೇ 1ನೆಯ ಶತಮಾನದ ಕೊನೆಯಲ್ಲಿ ಯೆಹೂದ್ಯ ಇತಿಹಾಸಕಾರ ಜೋಸೆಫಸ್, ತನ್ನ ಜನಾಂಗಕ್ಕೆ ಇರುವುದು 22 ಪವಿತ್ರ ಗ್ರಂಥಗಳು ಮಾತ್ರ ಎಂದು ಬರೆದದ್ದು ನಿಜ, ಮತ್ತು ಎಣಿಸುವ ಕ್ರಮ ಬೇರೆಯಾದರೂ ಆ 22 ಹೆಚ್ಚು ಕಡಿಮೆ ಇಂದಿನ ಪ್ರೊಟೆಸ್ಟೆಂಟರ 39ಕ್ಕೆ ಹೊಂದುತ್ತದೆ. ಪ್ರೊಟೆಸ್ಟೆಂಟ್ ವಾದದ ಗಟ್ಟಿ ನೆಲ ಇದೇ: ಹಳೆಯ ಒಡಂಬಡಿಕೆ ಯಾರಿಗೆ ಒಪ್ಪಿಸಲ್ಪಟ್ಟಿತೋ ಆ ಜನರ ಪಟ್ಟಿಯನ್ನೇ ಒಪ್ಪಬೇಕು ಎಂಬುದು.

ಕ್ರೈಸ್ತ ಧರ್ಮಾಚಾರ್ಯರೊಳಗೇ ಈ ಎರಡು ಪ್ರವಾಹಗಳು ಮುಖಾಮುಖಿಯಾದದ್ದು 4ನೆಯ ಶತಮಾನದ ಕೊನೆಯಲ್ಲಿ. ಬೆತ್ಲೆಹೇಮಿನಲ್ಲಿ ನೆಲೆಸಿ ಹೀಬ್ರೂವಿನಿಂದ ಲ್ಯಾಟಿನಿಗೆ ಅನುವಾದಿಸುತ್ತಿದ್ದ ಜೆರೋಮನು, ಹೀಬ್ರೂ ಪಟ್ಟಿಯಲ್ಲಿ ಇಲ್ಲದವು ಅಪೊಕ್ರಿಫಕ್ಕೆ ಸೇರಿದವು, ಅವನ್ನು ಭಕ್ತರ ಒಳಿತಿಗಾಗಿ ಓದಬಹುದೇ ಹೊರತು ಸಿದ್ಧಾಂತವನ್ನು ಸ್ಥಾಪಿಸಲು ಬಳಸಬಾರದು ಎಂದು ತನ್ನ ಮುನ್ನುಡಿಗಳಲ್ಲಿ ಬರೆದನು. (ನಿಮ್ಮ ಮನೆಯ ಮದುವೆಯಲ್ಲಿ ಓದಿದ ತೊಬೀತನ ಗ್ರಂಥವನ್ನು ಅವನು ಬಿಷಪರ ಒತ್ತಾಯಕ್ಕೆ ಮಣಿದು ಒಂದೇ ದಿನದಲ್ಲಿ ಅನುವಾದಿಸಿ ಮುಗಿಸಿದೆನೆಂದು ತಾನೇ ಹೇಳಿಕೊಂಡಿದ್ದಾನೆ, ಆ ಧ್ವನಿಯಲ್ಲಿ ಆದರ ಅಷ್ಟಾಗಿ ಕಾಣುವುದಿಲ್ಲ.) ಅವನ ಸಮಕಾಲೀನನಾದ ಉತ್ತರ ಆಫ್ರಿಕದ ಅಗಸ್ಟಿನನು ಇದಕ್ಕೆ ಒಪ್ಪಲಿಲ್ಲ. ಸಭೆಗಳು ಆರಾಧನೆಯಲ್ಲಿ ಯಾವುದನ್ನು ದೇವರ ವಾಕ್ಯವೆಂದು ಓದುತ್ತಾ ಬಂದಿವೆಯೋ ಅದೇ ಅಳತೆಗೋಲು ಎಂಬುದು ಅವನ ನಿಲುವು. ಅವನು ಪಾಲ್ಗೊಂಡ ಆಫ್ರಿಕದ ಸಭೆಗಳು, ಅಂದರೆ 393ರಲ್ಲಿ ಹಿಪ್ಪೊ ಮತ್ತು 397ರಲ್ಲಿ ಕಾರ್ಥೇಜ್, ಈ ಏಳು ಗ್ರಂಥಗಳನ್ನು ಒಳಗೊಂಡ ಪಟ್ಟಿಯನ್ನು ಒಪ್ಪಿದವು. 405ರಲ್ಲಿ ಪೋಪ್ ಒಂದನೆಯ ಇನ್ನೊಸೆಂಟರು ತುಲೂಸಿನ ಬಿಷಪರಿಗೆ ಬರೆದ ಪತ್ರದಲ್ಲಿಯೂ ಇವೇ ಬರುತ್ತವೆ.

ಹೀಗಿರುವಾಗ 1546ರಲ್ಲಿ ಟ್ರೆಂಟಿನಲ್ಲಿ ‘ಸೇರಿಸಿದರು’ ಎನ್ನುವುದು ಸಾಧ್ಯವಿಲ್ಲ. 1442ರಲ್ಲಿ, ಅಂದರೆ ಲೂಥರ್ ಹುಟ್ಟುವುದಕ್ಕೆ ನಾಲ್ಕು ದಶಕಗಳ ಮೊದಲು, ಫ್ಲಾರೆನ್ಸ್ ಮಹಾಸಭೆಯು ಇದೇ ಪಟ್ಟಿಯನ್ನು ಪ್ರಕಟಿಸಿತ್ತು. 1450ರ ದಶಕದಲ್ಲಿ ಗುಟೆನ್‌ಬರ್ಗ್ ಅಚ್ಚು ಹಾಕಿದ ಲ್ಯಾಟಿನ್ ಬೈಬಲಿನಲ್ಲಿ ತೊಬೀತ, ಯೂದಿತ, ಮಕ್ಕಬಿಯರು ಎಲ್ಲವೂ ಇವೆ. ನಿಮ್ಮ ದೊಡ್ಡಪ್ಪನವರ ಮಾತಿನಲ್ಲಿ ಉಳಿಯುವ ನಿಜ ಇಷ್ಟು: 1546ರ ಏಪ್ರಿಲ್ 8ರಂದು ಟ್ರೆಂಟ್ ಮಹಾಸಭೆಯು ಈ ಪಟ್ಟಿಯನ್ನು ಒಪ್ಪದವರು ಬಹಿಷ್ಕೃತರು ಎಂಬ ಶಾಸನರೂಪದ ನಿರ್ಣಯವನ್ನು ಮೊದಲ ಬಾರಿಗೆ ಮಾಡಿತು. ಅದುವರೆಗೆ ಕಥೋಲಿಕ ವಿದ್ವಾಂಸನೊಬ್ಬ ಜೆರೋಮನ ಪಕ್ಷ ಹಿಡಿದರೆ ಅವನನ್ನು ಯಾರೂ ಧರ್ಮದ್ರೋಹಿ ಎನ್ನುತ್ತಿರಲಿಲ್ಲ. 6ನೆಯ ಶತಮಾನದ ಕೊನೆಯಲ್ಲಿ ಪೋಪ್ ಮಹಾ ಗ್ರೆಗೊರಿ ಮಕ್ಕಬಿಯರ ಗ್ರಂಥದಿಂದ ಒಂದು ಉದಾಹರಣೆ ತೆಗೆದುಕೊಳ್ಳುವಾಗ, ಅದು ಕ್ಯಾನನಿಗೆ (ಅಧಿಕೃತ ಗ್ರಂಥಪಟ್ಟಿಗೆ) ಸೇರದ್ದಾದರೂ ಭಕ್ತಿವೃದ್ಧಿಗಾಗಿ ಕೊಡಲ್ಪಟ್ಟದ್ದು ಎಂಬ ಸಮಜಾಯಿಷಿ ಕೊಟ್ಟಿದ್ದಾರೆ. ಲೂಥರನನ್ನು ವಿಚಾರಣೆ ಮಾಡಿದ ಕಾರ್ಡಿನಲ್ ಕಜೆಟಾನರೇ, ಟ್ರೆಂಟಿನ ಆ ನಿರ್ಣಯಕ್ಕೆ ಹನ್ನೆರಡಕ್ಕೂ ಹೆಚ್ಚು ವರ್ಷಗಳ ಹಿಂದೆ ತಮ್ಮ ವ್ಯಾಖ್ಯಾನದಲ್ಲಿ ಜೆರೋಮನ ವಿಂಗಡಣೆಯನ್ನು ಎತ್ತಿಹಿಡಿದಿದ್ದರು. ಟ್ರೆಂಟ್ ಪಟ್ಟಿಗೆ ಹೊಸ ಗ್ರಂಥ ಸೇರಿಸಲಿಲ್ಲ, ಚರ್ಚೆಗೆ ಇದ್ದ ಬಾಗಿಲನ್ನು ಮುಚ್ಚಿತು.

ಇನ್ನು ಲೂಥರ್. 1519ರಲ್ಲಿ ಲೈಪ್‌ಜಿಗ್ ನಗರದ ವಾಗ್ವಾದದಲ್ಲಿ ಯೊಹಾನ್ ಎಕ್ ಎಂಬ ದೇವಶಾಸ್ತ್ರಜ್ಞನು ಶುದ್ಧೀಕರಣ ಸ್ಥಳದ (ಸತ್ತವರ ಆತ್ಮಗಳು ಸ್ವರ್ಗಕ್ಕೆ ಮೊದಲು ಶುದ್ಧಿಗೊಳ್ಳುವ ಸ್ಥಿತಿಯ) ಬೋಧನೆಗೆ ಆಧಾರವಾಗಿ, ಯುದ್ಧದಲ್ಲಿ ಸತ್ತವರ ಪಾಪಕ್ಷಮೆಗಾಗಿ ಯೂದ ಮಕ್ಕಬಿಯನು ಹಣ ಸಂಗ್ರಹಿಸಿ ಜೆರುಸಲೇಮಿಗೆ ಬಲಿಯರ್ಪಣೆಗೆ ಕಳುಹಿಸಿದ ಪ್ರಸಂಗವನ್ನು (ಮಕ್ಕಬಿಯರ ಎರಡನೆಯ ಗ್ರಂಥ, ಅಧ್ಯಾಯ 12) ಮುಂದಿಟ್ಟನು. ಆ ಗ್ರಂಥ ಕ್ಯಾನನಿಗೆ ಸೇರಿದ್ದಲ್ಲವಾದ್ದರಿಂದ ಸಿದ್ಧಾಂತಕ್ಕೆ ಆಧಾರವಾಗದು ಎಂಬುದು ಲೂಥರನ ಉತ್ತರವಾಗಿತ್ತು. ವಾದದಲ್ಲಿ ಸಿಕ್ಕಿಬಿದ್ದಾಗ ಹುಟ್ಟಿದ ನಿಲುವಿದು ಎಂದು ಕಥೋಲಿಕರು ಆಕ್ಷೇಪಿಸುವುದು ಇದೇ ಸಂದರ್ಭವನ್ನು ಹಿಡಿದು. ಸಂದರ್ಭ ಅನುಕೂಲಕರವಾಗಿತ್ತು ಎಂಬುದನ್ನು ಅಲ್ಲಗಳೆಯಲಾಗದು, ಆದರೆ ನಿಲುವು ಅವನು ಹುಟ್ಟಿಸಿದ್ದಲ್ಲ, ಜೆರೋಮನದು. ಮುಖ್ಯವಾಗಿ, ಅವನು ಕಿತ್ತುಹಾಕಲಿಲ್ಲ. 1534ರ ಅವನ ಪೂರ್ಣ ಜರ್ಮನ್ ಬೈಬಲಿನಲ್ಲಿ ಈ ಗ್ರಂಥಗಳು ಎರಡು ಒಡಂಬಡಿಕೆಗಳ ನಡುವೆ, ಪವಿತ್ರ ಗ್ರಂಥಗಳಿಗೆ ಸಮನಲ್ಲವಾದರೂ ಓದಲು ಪ್ರಯೋಜನಕರವೂ ಒಳ್ಳೆಯವೂ ಆದವು ಎಂಬ ಶೀರ್ಷಿಕೆಯೊಂದಿಗೆ ಅಚ್ಚಾಗಿವೆ. 1611ರ ಇಂಗ್ಲಿಷ್ ಕಿಂಗ್ ಜೇಮ್ಸ್ ಬೈಬಲಿನಲ್ಲಿಯೂ ಇವೆ. ಹಾಗಾದರೆ ನಿಮ್ಮ ಮನೆಯ ಸತ್ಯವೇದದಲ್ಲಿ ಏಕಿಲ್ಲ ಎಂಬುದಕ್ಕೆ ಕಾರಣ ಬೇರೆ. ಅದನ್ನು ಈ ಪುಟದ ಕೊನೆಯ ಪ್ರಶ್ನೆಗೆ ಉತ್ತರಿಸುವಾಗ ಹೇಳಿದೆ.

ಪ್ರಶ್ನೆ: ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ, “ಬೈಬಲನ್ನು ನಮಗೆ ಕೊಟ್ಟದ್ದು ಧರ್ಮಸಭೆ” ಎಂದು ಕಲಿಸುತ್ತೇನೆ. ನನ್ನ ಸಹೋದ್ಯೋಗಿಯಾದ ಪ್ರೊಟೆಸ್ಟೆಂಟ್ ಶಿಕ್ಷಕಿ, “ದೇವರ ವಾಕ್ಯಕ್ಕೆ ಮನುಷ್ಯರ ಮುದ್ರೆ ಏಕೆ ಬೇಕು ಟೀಚರ್?” ಎಂದು ಕೇಳುತ್ತಾರೆ. ನಾನು ಏನು ಹೇಳಲಿ?
(ಓದುಗಿಯೊಬ್ಬರು, ಕಲ್ಯಾಣಪುರ, ಉಡುಪಿ)

ಉತ್ತರ: ನಿಮ್ಮ ವಾಕ್ಯವನ್ನು ಸ್ವಲ್ಪ ತಿದ್ದಿಕೊಳ್ಳುವುದು ಒಳ್ಳೆಯದು, ಮತ್ತು ತಿದ್ದುವ ಅಧಿಕಾರ ನಿಮ್ಮದೇ ಧರ್ಮಸಭೆಯದು. 1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ಹೇಳಿದೆ: ಮನುಷ್ಯಪ್ರಯತ್ನದಿಂದ ರಚಿತವಾದ ಗ್ರಂಥಗಳನ್ನು ಧರ್ಮಸಭೆ ಆಮೇಲೆ ತನ್ನ ಅಧಿಕಾರದಿಂದ ಮಾನ್ಯ ಮಾಡಿತು ಎಂಬ ಕಾರಣಕ್ಕಾಗಿ ಅವು ಪವಿತ್ರವಲ್ಲ, ಪವಿತ್ರಾತ್ಮನ ಪ್ರೇರಣೆಯಿಂದ ಬರೆಯಲ್ಪಟ್ಟು ದೇವರನ್ನೇ ಕರ್ತೃವಾಗಿ ಹೊಂದಿರುವುದರಿಂದ ಪವಿತ್ರ. ಗ್ರಂಥಗಳಿಗೆ ಪಾವಿತ್ರ್ಯ ಕೊಡುವುದು ಧರ್ಮಸಭೆ ಎಂದು ಕಥೋಲಿಕ ಬೋಧನೆ ಹೇಳುವುದಿಲ್ಲ. ಪ್ರೊಟೆಸ್ಟೆಂಟರೂ ಅಷ್ಟೇ ದೃಢವಾಗಿ ಇದನ್ನು ಹೇಳುತ್ತಾರೆ. ಈ ಹಂತದವರೆಗೆ ಜಗಳವೇ ಇಲ್ಲ, ಆದರೂ ಎರಡು ಕಡೆಯ ಭಾಷಣಕಾರರು ಇಲ್ಲಿಯೇ ಕತ್ತಿ ಮಸೆಯುತ್ತಾರೆ.

ನಿಜವಾದ ಭಿನ್ನಮತ ಒಂದು ಹೆಜ್ಜೆ ಆಚೆಗಿದೆ. ಯಾವ ಗ್ರಂಥ ದೇವಪ್ರೇರಿತ ಎಂಬುದನ್ನು ಗುರುತಿಸುವವರು ಯಾರು, ಮತ್ತು ಆ ಗುರುತಿಸುವಿಕೆಯಲ್ಲಿ ತಪ್ಪಾಗದೆಂಬ ಭರವಸೆ ಎಲ್ಲಿಂದ? ಜಿನೀವದ ಸುಧಾರಕ ಜಾನ್ ಕ್ಯಾಲ್ವಿನ್, ಬೆಳಕನ್ನು ಕತ್ತಲೆಯಿಂದ, ಸಿಹಿಯನ್ನು ಕಹಿಯಿಂದ ಬೇರ್ಪಡಿಸಲು ಸಾಕ್ಷಿ ಬೇಕಿಲ್ಲದಂತೆ ಪವಿತ್ರ ಗ್ರಂಥವೂ ತನ್ನ ಸತ್ಯವನ್ನು ತಾನೇ ತೋರಿಸುತ್ತದೆ, ಓದುವವನ ಅಂತರಂಗದಲ್ಲಿ ಪವಿತ್ರಾತ್ಮನು ಸಾಕ್ಷಿ ನುಡಿಯುತ್ತಾನೆ ಎಂದನು. ಕಥೋಲಿಕರು ಇದಕ್ಕೆದುರಾಗಿ ಅಗಸ್ಟಿನನ ಮಾತನ್ನು ಮುಂದಿಡುತ್ತಾರೆ: ಸಾರ್ವತ್ರಿಕ ಧರ್ಮಸಭೆಯ ಅಧಿಕಾರ ತನ್ನನ್ನು ಪ್ರೇರೇಪಿಸದಿದ್ದರೆ ತಾನು ಶುಭಸಂದೇಶವನ್ನು ನಂಬುತ್ತಿರಲಿಲ್ಲ ಎಂದು ಅವನು ಮಾನಿ ಮತದವರ ವಿರುದ್ಧ ಬರೆದಿದ್ದಾನೆ. ಅಲ್ಲಿ ಅಗಸ್ಟಿನನು ಹೇಳುತ್ತಿರುವುದು ಅನ್ಯಮತೀಯನು ನಂಬಿಕೆಗೆ ಬರುವ ದಾರಿಯನ್ನು, ವಾಕ್ಯದ ಅಧಿಕಾರದ ಅಸ್ತಿವಾರವನ್ನಲ್ಲ ಎಂಬುದು ಕ್ಯಾಲ್ವಿನನ ಪ್ರತ್ಯುತ್ತರ.

ಹೊಸ ಒಡಂಬಡಿಕೆ ರೂಪುಗೊಂಡ ಬಗೆಯನ್ನು ನೋಡಿದರೆ ಎರಡು ಪಕ್ಷಗಳಿಗೂ ಸ್ವಲ್ಪ ಇರುಸುಮುರುಸಾಗುತ್ತದೆ. ನಾಲ್ಕು ಶುಭಸಂದೇಶಗಳು ಮತ್ತು ಪೌಲನ ಪತ್ರಗಳು 2ನೆಯ ಶತಮಾನದ ಅಂತ್ಯಕ್ಕೆ ಬಹುತೇಕ ಎಲ್ಲೆಡೆ ನೆಲೆಯೂರಿದ್ದವು. ಅದಕ್ಕೆ ಯಾವ ಮಹಾಸಭೆಯ ನಿರ್ಣಯವೂ ಬೇಕಾಗಲಿಲ್ಲ. 2ನೆಯ ಶತಮಾನದ ನಡುವಿನಲ್ಲಿ ಮಾರ್ಸಿಯನ್ ಎಂಬವನು ಲೂಕನ ಒಂದು ಕತ್ತರಿಸಿದ ಪ್ರತಿ ಮತ್ತು ಪೌಲನ ಹತ್ತು ಪತ್ರಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ತಳ್ಳಿಹಾಕಿದಾಗ, ಪಟ್ಟಿಯ ಪ್ರಶ್ನೆ ಸಭೆಗಳ ಮುಂದೆ ತುರ್ತಾಗಿ ಬಂತು. ಆದರೂ 4ನೆಯ ಶತಮಾನದ ಮೊದಲ ಭಾಗದಲ್ಲಿ ಇತಿಹಾಸಕಾರ ಯುಸೇಬಿಯಸ್ ಯಾಕೋಬ, ಯೂದ, 2 ಪೇತ್ರ, 2 ಮತ್ತು 3 ಯೋವಾನ್ನರ ಪತ್ರಗಳನ್ನು ಬಹುಜನ ಬಲ್ಲ, ಆದರೆ ಕೆಲವರು ಒಪ್ಪದ ಗ್ರಂಥಗಳ ಗುಂಪಿಗೆ ಸೇರಿಸಿದ್ದಾನೆ. ಇಂದಿನ 27 ಗ್ರಂಥಗಳು, ಒಂದು ಹೆಚ್ಚಿಲ್ಲದೆ ಒಂದು ಕಡಿಮೆಯಿಲ್ಲದೆ, ನಮಗೆ ಒಟ್ಟಿಗೆ ಸಿಗುವ ಮೊದಲ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ 367ರಲ್ಲಿ ಬರೆದ ಪಾಸ್ಕ ಹಬ್ಬದ ಪತ್ರದಲ್ಲಿದೆ. ಅದೇ ಪತ್ರದಲ್ಲಿ ಹಳೆಯ ಒಡಂಬಡಿಕೆಯ ಪಟ್ಟಿ ಯಾರ ಇಂದಿನ ಪಟ್ಟಿಗೂ ಸರಿಹೊಂದುವುದಿಲ್ಲ: ಬಾರೂಕ ಒಳಗೆ, ಎಸ್ತೇರಳು ಹೊರಗೆ! ಸಿರಿಯಾಕ್ ಭಾಷೆಯ ಪ್ರಾಚೀನ ಬೈಬಲಾದ ಪೆಶಿತ್ತದಲ್ಲಿ 2 ಪೇತ್ರ, 2 ಮತ್ತು 3 ಯೋವಾನ್ನ, ಯೂದ ಹಾಗೂ ಪ್ರಕಟನೆ ಈ ಐದು ಇರಲಿಲ್ಲ; ನಮ್ಮ ನೆರೆಯ ಕೇರಳದ ಸಿರಿಯನ್ ಕ್ರೈಸ್ತರ ಪರಂಪರೆ ಆ ಬೈಬಲಿನದು.

ಹೀಗಾಗಿ ಕಥೋಲಿಕರು ಎದುರಿಸಬೇಕಾದ ಪ್ರಶ್ನೆ ಇದು: ಧರ್ಮಸಭೆಯ ತೀರ್ಪು ಅಷ್ಟು ಅಗತ್ಯವಾಗಿದ್ದರೆ, ಸಮಸ್ತರಿಗೂ ಕಟ್ಟುನಿಟ್ಟಾದ ಅಂತಿಮ ತೀರ್ಪು ಬರುವುದಕ್ಕೆ 16ನೆಯ ಶತಮಾನದವರೆಗೆ ಏಕೆ ಕಾಯಬೇಕಾಯಿತು, ಅದುವರೆಗಿನ ಭಕ್ತರು ಯಾವುದರ ಮೇಲೆ ನಿಂತಿದ್ದರು? ಪ್ರೊಟೆಸ್ಟೆಂಟರು ಎದುರಿಸಬೇಕಾದದ್ದು ಇದು: ಗ್ರಂಥವೊಂದೇ ಪ್ರಮಾಣ ಎಂದಾದರೆ, ಆ ಗ್ರಂಥದೊಳಗೆ ಎಲ್ಲಿಯೂ ಬರೆದಿರದ ವಿಷಯಸೂಚಿಯನ್ನು ಯಾವ ಪ್ರಮಾಣದ ಮೇಲೆ ಒಪ್ಪಿದ್ದೀರಿ? ಲೂಥರನಿಗೇ ಯಾಕೋಬನ ಪತ್ರ ಹುಲ್ಲಿನಂತೆ ಕಂಡಿತು. 1522ರ ಅವನ ಹೊಸ ಒಡಂಬಡಿಕೆಯ ವಿಷಯಸೂಚಿಯಲ್ಲಿ ಇಬ್ರಿಯ, ಯಾಕೋಬ, ಯೂದ, ಪ್ರಕಟನೆ ಈ ನಾಲ್ಕಕ್ಕೆ ಕ್ರಮಸಂಖ್ಯೆಯೇ ಇಲ್ಲ. ಅವನ ಅನುಯಾಯಿಗಳು ಅವನ ಈ ರುಚಿಯನ್ನು ಒಪ್ಪಲಿಲ್ಲ, ಪರಂಪರೆಯಿಂದ ಬಂದ 27ನ್ನೇ ಉಳಿಸಿಕೊಂಡರು. ಪರಂಪರೆಗೆ ಇಷ್ಟು ಸ್ಥಾನ ಇದೆ ಎಂದು ಒಪ್ಪುವ ಪ್ರೊಟೆಸ್ಟೆಂಟ್ ವಿದ್ವಾಂಸರು ಈಗ ಹಲವರಿದ್ದಾರೆ. ಆ ಪರಂಪರೆಯ ತೀರ್ಪು ತಪ್ಪಲಾರದ್ದು ಎಂಬುದನ್ನು ಮಾತ್ರ ಅವರು ಒಪ್ಪುವುದಿಲ್ಲ. ನಿಮ್ಮ ಸಹೋದ್ಯೋಗಿಗೆ ಉತ್ತರ ಕೊಡುವುದಾದರೆ, ವಾದವನ್ನು ಈ ಜಾಗಕ್ಕೆ ತಂದು ನಿಲ್ಲಿಸಿ. ಮುದ್ರೆ ಹಾಕಿದ್ದರಿಂದ ವಾಕ್ಯ ಪವಿತ್ರವಾಯಿತೆಂದು ನಾವೂ ಹೇಳುವುದಿಲ್ಲ ಎಂದು ಮೊದಲೇ ತಿಳಿಸಿ.

ಪ್ರಶ್ನೆ: ಯೇಸುವಾಗಲಿ ಪ್ರೇಷಿತರಾಗಲಿ ಈ ಏಳು ಗ್ರಂಥಗಳಿಂದ ಒಮ್ಮೆಯೂ ಉಲ್ಲೇಖಿಸಿಲ್ಲ ಎನ್ನುತ್ತಾರೆ. ಇಷ್ಟರಿಂದಲೇ ವಿಷಯ ತೀರ್ಮಾನವಾಗುವುದಿಲ್ಲವೇ?
(ಓದುಗರೊಬ್ಬರು, ಕಾಪು)

ಉತ್ತರ: ಆಗುವುದಿಲ್ಲ. ‘ಹೀಗೆಂದು ಬರೆದಿದೆ’ ಎಂಬ ಮಾತಿನೊಂದಿಗೆ ಇವುಗಳಿಂದ ಉಲ್ಲೇಖಿಸಿದ ವಾಕ್ಯ ಹೊಸ ಒಡಂಬಡಿಕೆಯಲ್ಲಿ ಇಲ್ಲ ಎಂಬುದು ನಿಜ. ಆದರೆ ಎಸ್ತೇರಳು, ಪ್ರಸಂಗಿ, ಪರಮಗೀತೆಗಳಿಂದಲೂ ಹಾಗೆ ಉಲ್ಲೇಖಿಸಿಲ್ಲ. ಅವನ್ನು ಎಲ್ಲರೂ ಒಪ್ಪುತ್ತಾರೆ. ಮತ್ತೊಂದು ಕಡೆ, ಯೂದನ ಪತ್ರವು ಹನೋಕನ ಗ್ರಂಥದ ಒಂದು ಮಾತನ್ನು ಹೆಸರು ಹಿಡಿದು ಉದ್ಧರಿಸುತ್ತದೆ, ಆದರೆ ಆ ಗ್ರಂಥವನ್ನು ಇಥಿಯೋಪಿಯ ಮತ್ತು ಎರಿಟ್ರಿಯದ ಆರ್ಥೊಡಾಕ್ಸ್ ಸಭೆಗಳನ್ನು ಬಿಟ್ಟರೆ ಬೇರೆ ಪ್ರಮುಖ ಸಭೆಗಳು ಬೈಬಲಿಗೆ ಸೇರಿಸಿಲ್ಲ. ಉಲ್ಲೇಖವೊಂದೇ ಮಾನದಂಡವಾದರೆ ಯಾರ ಪಟ್ಟಿಯೂ ನಿಲ್ಲದು. ಪರೋಕ್ಷವಾಗಿ ನೋಡಿದರೆ, ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ ಉತ್ತಮ ಪುನರುತ್ಥಾನಕ್ಕಾಗಿ ಬಿಡುಗಡೆಯನ್ನು ನಿರಾಕರಿಸಿ ಹಿಂಸೆಯನ್ನು ಸಹಿಸಿದವರ ಪ್ರಸ್ತಾಪವಿದೆ. ಅದು ಮಕ್ಕಬಿಯರ ಎರಡನೆಯ ಗ್ರಂಥದ ಏಳು ಮಂದಿ ಸಹೋದರರು ಮತ್ತು ಅವರ ತಾಯಿಯ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡದ್ದು ಎಂದು ಪ್ರೊಟೆಸ್ಟೆಂಟ್ ವ್ಯಾಖ್ಯಾನಕಾರರಲ್ಲೂ ಹಲವರು ಒಪ್ಪುತ್ತಾರೆ.

ಇಲ್ಲಿ ಒಂದು ಸ್ವಾರಸ್ಯ. ಯೆಹೂದ್ಯರ ಗ್ರಂಥಗಳು ಧರ್ಮಶಾಸ್ತ್ರ, ಪ್ರವಾದಿಗಳು ಮತ್ತು ಇತರ ಬರಹಗಳು ಎಂದು ಮೂರು ಭಾಗಗಳಾಗಿದ್ದವು ಎಂಬುದಕ್ಕೆ ಪ್ರೊಟೆಸ್ಟೆಂಟ್ ಲೇಖಕರು ಕೊಡುವ ಅತ್ಯಂತ ಹಳೆಯ ಆಧಾರಗಳಲ್ಲಿ ಒಂದು, ಸಿರಾಖನ ಗ್ರಂಥಕ್ಕೆ ಅವನ ಮೊಮ್ಮಗನು ಬರೆದ ಮುನ್ನುಡಿ. ಈ ಗ್ರಂಥಗಳೆಲ್ಲ ಗ್ರೀಕಿನಲ್ಲೇ ಹುಟ್ಟಿದವು ಎಂಬ ಹಳೆಯ ಆಕ್ಷೇಪವೂ ಪೂರ್ತಿ ನಿಲ್ಲಲಿಲ್ಲ: 1947ರಿಂದ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ದೊರೆತ ಸುರುಳಿಗಳಲ್ಲಿ ತೊಬೀತನ ಅರಮಾಯಿಕ್ ಮತ್ತು ಹೀಬ್ರೂ ತುಣುಕುಗಳೂ ಸಿರಾಖನ ಹೀಬ್ರೂ ತುಣುಕುಗಳೂ ಇದ್ದವು. ಇದರಿಂದ ಅವು ದೇವಪ್ರೇರಿತ ಎಂದು ಸಿದ್ಧವಾಗುವುದಿಲ್ಲ, ಭಾಷೆಯ ಆಕ್ಷೇಪ ಮಾತ್ರ ದುರ್ಬಲವಾಗುತ್ತದೆ.

ಪ್ರಶ್ನೆ: ನನ್ನಲ್ಲಿರುವ ಸತ್ಯವೇದದಲ್ಲಿ ದಾನಿಯೇಲನ ಗ್ರಂಥ 12 ಅಧ್ಯಾಯಗಳಿಗೆ ಮುಗಿಯುತ್ತದೆ, ಪಕ್ಕದ ಮನೆಯವರದರಲ್ಲಿ 14 ಇವೆ. ಕನ್ನಡದ ಹಳೆಯ ಅನುವಾದಗಳಲ್ಲಿ ಈ ಭಾಗಗಳನ್ನು ಬೇಕೆಂದೇ ಬಿಟ್ಟರೇ?
(ಓದುಗರೊಬ್ಬರು, ಮಲ್ಪೆ)

ಉತ್ತರ: ಹೆಚ್ಚಿನ ಎರಡು ಅಧ್ಯಾಯಗಳಲ್ಲಿ ಒಂದು, ಸುಳ್ಳು ಆರೋಪಕ್ಕೆ ಗುರಿಯಾದ ಸುಸನ್ನಳನ್ನು ಯುವಕ ದಾನಿಯೇಲನು ಸಾಕ್ಷಿಗಳನ್ನು ಬೇರೆ ಬೇರೆಯಾಗಿ ವಿಚಾರಿಸಿ ಪಾರುಮಾಡಿದ ಕಥೆ, ಇನ್ನೊಂದು, ಬೇಲ್ ದೇವರ ಅರ್ಚಕರ ಮೋಸ ಬಯಲಾದದ್ದು ಮತ್ತು ಘಟಸರ್ಪದ ವಧೆ. 3ನೆಯ ಅಧ್ಯಾಯದ ನಡುವೆ ಬೆಂಕಿಯ ಕುಲುಮೆಯಲ್ಲಿನ ಪ್ರಾರ್ಥನೆ ಮತ್ತು ಸ್ತುತಿಗೀತೆಯೂ ನಿಮ್ಮ ಪ್ರತಿಯಲ್ಲಿ ಇರಲಾರದು. ಇವೆಲ್ಲ ಗ್ರೀಕ್ ದಾನಿಯೇಲನಲ್ಲಿ ಮಾತ್ರ ಇರುವ ಭಾಗಗಳು.

ಬಿಟ್ಟದ್ದು ಬೇಕೆಂದೇ, ಆದರೆ ಬಿಟ್ಟವರು ಕನ್ನಡದ ಅನುವಾದಕರಲ್ಲ. 1804ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಬ್ರಿಟಿಷ್ ಮತ್ತು ವಿದೇಶ ಬೈಬಲ್ ಸೊಸೈಟಿ ಮೊದಲು ಯುರೋಪಿನ ದೇಶಗಳಿಗೆ ಅಪೊಕ್ರಿಫ ಸೇರಿದ ಬೈಬಲುಗಳನ್ನೂ ಹಂಚುತ್ತಿತ್ತು. ಸ್ಕಾಟ್ಲೆಂಡಿನ ಸದಸ್ಯರು ಇದನ್ನು ಉಗ್ರವಾಗಿ ವಿರೋಧಿಸಿದರು, ಏಕೆಂದರೆ 17ನೆಯ ಶತಮಾನದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣವು ಈ ಬರಹಗಳಿಗೆ ಇತರ ಮಾನವ ಬರಹಗಳಿಗಿಂತ ಹೆಚ್ಚಿನ ಅಧಿಕಾರವಿಲ್ಲ ಎಂದು ಸಾರಿತ್ತು. ಕೊನೆಗೆ 1826ರಲ್ಲಿ ಸೊಸೈಟಿಯು ಅಪೊಕ್ರಿಫವಿರುವ ಬೈಬಲಿಗೆ ತನ್ನ ಹಣ ಸಲ್ಲದು ಎಂದು ನಿರ್ಧರಿಸಿತು. ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಆರಂಭಿಸಿದ ಕನ್ನಡದ ಮೊದಲ ಪೂರ್ಣ ಬೈಬಲ್ ಹೊರಬಂದದ್ದು 1831ರಲ್ಲಿ, ಈ ನಿರ್ಧಾರದ ಐದು ವರ್ಷಗಳ ನಂತರ. ಬಾಸೆಲಿನ ಮಿಷನರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಅವರಲ್ಲಿ ಜರ್ಮನ್ನರು ಬೆಳೆದ ಲೂಥರನ ಬೈಬಲಿನ ಪರಂಪರೆಯಲ್ಲಿ ತೊಬೀತನೂ ಸಿರಾಖನೂ ಎರಡು ಒಡಂಬಡಿಕೆಗಳ ನಡುವೆ ಇದ್ದವು. ಇಲ್ಲಿನ ಭಕ್ತರಿಗೆ ಮಾತ್ರ 66 ಗ್ರಂಥಗಳ ಸತ್ಯವೇದವೇ ರೂಢಿಯಾಯಿತು. ಅವರು ಮಂಗಳೂರಿನಲ್ಲಿ 1847ರಲ್ಲಿ ತುಳುವಿನಲ್ಲಿ ಅಚ್ಚು ಹಾಕಿದ್ದು ಹೊಸ ಒಡಂಬಡಿಕೆಯಾದ್ದರಿಂದ ಅಲ್ಲಿ ಈ ಪ್ರಶ್ನೆ ಏಳಲಿಲ್ಲ.

ಇಂದಿನ ಸ್ಥಿತಿ ಬೇರೆ. 1968ರಲ್ಲಿ ವಿಶ್ವದ ಬೈಬಲ್ ಸೊಸೈಟಿಗಳ ಒಕ್ಕೂಟವೂ ವ್ಯಾಟಿಕನಿನ ಕ್ರೈಸ್ತ ಐಕ್ಯ ಕಾರ್ಯಾಲಯವೂ ಸೇರಿ ಅನುವಾದಕ್ಕೆ ಸಾಮಾನ್ಯ ಸೂತ್ರಗಳನ್ನು ಒಪ್ಪಿಕೊಂಡವು. ಅದರಂತೆ ಎರಡೂ ಕಡೆಯವರು ಬಳಸುವ ಪ್ರತಿಗಳಲ್ಲಿ ಈ ಗ್ರಂಥಗಳನ್ನು ಹೊಸ ಒಡಂಬಡಿಕೆಗೆ ಮೊದಲು ಪ್ರತ್ಯೇಕ ಭಾಗವಾಗಿ ಮುದ್ರಿಸಬಹುದು. ಲೂಥರ್ ಇಟ್ಟ ಜಾಗವೂ ಹೆಚ್ಚು ಕಡಿಮೆ ಅದೇ. ನೀವು ಅಂಗಡಿಯಲ್ಲಿ ಕನ್ನಡ ಬೈಬಲ್ ಕೊಳ್ಳುವಾಗ ಹೊದಿಕೆಯನ್ನು ನೋಡಿ ತೀರ್ಮಾನಿಸದೆ ವಿಷಯಸೂಚಿಯನ್ನು ತೆರೆಯಿರಿ: ಮಕ್ಕಬಿಯರ ಹೆಸರು ಕಂಡರೆ ಅದು ಕಥೋಲಿಕರ ಬಳಕೆಗೂ ಹೊಂದುವ ಪ್ರತಿ, ಮತ್ತು ಸುಸನ್ನಳ ಕಥೆ ಅದರಲ್ಲಿ ದಾನಿಯೇಲನ 13ನೆಯ ಅಧ್ಯಾಯವಾಗಿಯೋ ಆ ಪ್ರತ್ಯೇಕ ಭಾಗದೊಳಗೋ ಸಿಗುತ್ತದೆ.